ದಾನದ ಪಾತ್ರ, ನಾಟಕದ ಪಾತ್ರ

ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದ ಸೀಮೆಗೆ ನೆರೆ ಹೊಸದಲ್ಲ. 2009ರಲ್ಲಿಯೂ 2019ರಲ್ಲಿಯೂ ಮಲಪ್ರಭೆಯ ದಂಡೆಯ ಊರುಗಳು ಜಲಾವೃತವಾದವು. ಇಂಥ ವಿಪತ್ತಿನ ಬೆನ್ನಿಗೇ ಆಡುವ ಸಹಾಯಾರ್ಥ ನಾಟಕದಲ್ಲಿ ಮರೆತ ಮಾತು, ಹರಿದ ಪರದೆ ಕ್ಷಮ್ಯ. ಹಸಿವು ತಾಲೀಮಿಗೆ ಕಾಯುವುದಿಲ್ಲ. ಆದರೆ ನಿನ್ನೆ ಮನೆ ಕಳೆದುಕೊಂಡವರ ಗೋಳನ್ನೇ ಇಂದು ದೃಶ್ಯವಾಗಿಸಿ ಕಾಣಿಕೆ ಬೇಡುವುದು ಕ್ಷಮ್ಯವಲ್ಲ.

ಬಂಗಾಳದ 1943ರ ಕ್ಷಾಮವನ್ನು ಕುರಿತ ಬಿಜನ್ ಭಟ್ಟಾಚಾರ್ಯರ ‘ನವಾನ್ನ’ ರಂಗವೇರಿದ್ದು 1944ರಲ್ಲಿ. ಅದರ ರೈತರು ಕೇವಲ ಕರುಣೆಯ ವಸ್ತುಗಳಲ್ಲ. ಊರಿಗೆ ಮರಳಿ ಹೊಸ ಬೆಳೆಯ ಹಬ್ಬ ಆಚರಿಸುವವರು. ಆ ಘನತೆಯನ್ನು ಚಿತ್ರಿಸಲು ಕಾಲ ಬೇಕು. ಕಾಲವಿಲ್ಲದಾಗ ಸಿದ್ಧನಾಟಕವೇ ಲೇಸು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಬೀಡುಬಿಡುವ ವೃತ್ತಿ ನಾಟಕ ಕಂಪನಿಗಳ ಬಳಿ ಅಂದೇ ಆಡಬಲ್ಲ ನಾಟಕಗಳಿರುತ್ತವೆ. ನಗೆನಾಟಕವಾದರೂ ಸರಿಯೇ, ಟಿಕೀಟಿನ ಹಣ ಸಂತ್ರಸ್ತರಿಗೆ ಸಲ್ಲಬೇಕು.

ದಾನದ ವಿಶೇಷವು ವಿಧಿ, ದ್ರವ್ಯ, ದಾತೃ, ಪಾತ್ರಗಳನ್ನು ಅವಲಂಬಿಸಿದೆಯೆಂದು ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಅಲ್ಲಿ ಪಾತ್ರನೆಂದರೆ ದಾನವನ್ನು ಪಡೆಯುವವನು. ಅವನನ್ನು ಅಭಿನಯದ ಪಾತ್ರವಾಗಿಸುವ ಹಕ್ಕು ದಾತೃವಿಗಿಲ್ಲ. ಬಸದಿಗಳ ಆಡಳಿತ ಮಂಡಳಿಗಳು ಇಂಥ ಪ್ರಯೋಗಕ್ಕೆ ಸಭಾಭವನವನ್ನು ಕೊಡುವ ಮುನ್ನ ನಾಟಕದ ವಸ್ತುವನ್ನು ವಿಚಾರಿಸಲಿ. ಮುಗಿದ ಮೇಲೆ ಲೆಕ್ಕವನ್ನು ಸಮಾಜದ ಮುಂದಿಡಲಿ.