ಕಪ್ಪೆಯ ಹಾಸು, ಕಪ್ಪೆಯ ಮರೆ

ಮೂಲ: ಹಾಸು ತೋಡಲು ಬರಲಿ, ಹೊಟ್ಟೆಯಲ್ಲಿ ನಿಲ್ಲದಿರಲಿ, ತೇವವಿರಲಿ, ಉಪ್ಪಿರದಿರಲಿ, ಮರೆ ನೆಲ ಮುಟ್ಟಿರಲಿ.

'ಹಾಸು' ಎಂದರೆ ಕಪ್ಪೆ ಸಾಕುವ ಗಾಜಿನ ಪೆಟ್ಟಿಗೆಯ ತಳಕ್ಕೆ ಹರವುವ ಪದಾರ್ಥ. 'ತೋಡಲು ಬರಲಿ' ಎಂಬುದಕ್ಕೆ ಕಾರಣ ಪ್ರಾಣಿಯ ಹಿಂಗಾಲಿನಲ್ಲಿದೆ. ಅಮೆರಿಕದ ನೆಲಗಪ್ಪೆಗೆ ಅಲ್ಲಿ, ಅಂಗಾಲಡಿಯಲ್ಲಿ, ಗುದ್ದಲಿಯಂಥ ಗಟ್ಟಿ ಗುಬುಟು ಉಂಟು. ಅದರಿಂದ ಮಣ್ಣು ಸರಿಸುತ್ತ, ಹಿಮ್ಮುಖವಾಗಿ ಇಳಿಯುತ್ತದೆ. ಅರ್ಜೆಂಟೀನಾದ ಬಯಲಿನ ಪ್ಯಾಕ್‌ಮನ್ ಕಪ್ಪೆ (1980ರ ವಿಡಿಯೊ ಆಟದ, ಬಾಯಿಯೇ ಮೈಯಾದ ಗೊಂಬೆಯಿಂದ ಬಂದ ಹೆಸರು) ಹಾಗೆಯೇ ಹೂತುಕೊಂಡು, ಕಣ್ಣು ಬಾಯಿ ಮಾತ್ರ ಹೊರಗಿಟ್ಟು ಬೇಟೆಗೆ ಕಾಯುತ್ತದೆ. ಆದ್ದರಿಂದ ಹಾಸಿನ ಆಳ ಮೈ ಮುಚ್ಚುವಷ್ಟಾದರೂ ಇರತಕ್ಕದ್ದು.

'ಹೊಟ್ಟೆಯಲ್ಲಿ ನಿಲ್ಲದಿರಲಿ'. ಬಾಯಿಗೆ ಹೋಗದಿರಲಿ ಎನ್ನದೆ ಹೀಗೇಕೆ ಎಂಬ ಶಂಕೆಗೆ, ಹೋಗಿಯೇ ಹೋಗುತ್ತದೆ ಎಂಬುದೇ ಸಮಾಧಾನ. ಅಂಟು ನಾಲಗೆ ಹುಳುವನ್ನಷ್ಟೇ ಆರಿಸಿ ತರುವುದಿಲ್ಲ, ಸುತ್ತಲಿನದನ್ನೂ ಮೆತ್ತಿಕೊಂಡು ತರುತ್ತದೆ. ತೆಂಗಿನ ನಾರಿನ ಪುಡಿ ಚಿಟಿಕೆಯಷ್ಟು ಹೋದರೆ ಸಾಮಾನ್ಯವಾಗಿ ಮಲದೊಡನೆ ಹೊರಬೀಳುತ್ತದೆ. ಬಾಯಲ್ಲಿ ಹಿಡಿಸುವ ಜಲ್ಲಿ, ತೊಗಟೆಚೂರು ಕರುಳಿಗೆ ಅಡ್ಡ ನಿಲ್ಲಬಲ್ಲವು. ಬಣ್ಣದ ಜಲ್ಲಿಯ ಚೆಂದವೆಲ್ಲ ಕೊಳ್ಳುವವನ ಕಣ್ಣಿಗೆ. ಪ್ಯಾಕ್‌ಮನ್ ಕಪ್ಪೆಗಂತೂ ತಲೆಯಷ್ಟಗಲವೂ ಬಾಯಿ.

'ತೇವವಿರಲಿ, ಉಪ್ಪಿರದಿರಲಿ'. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಚರ್ಮದಿಂದ, ವಿಶೇಷವಾಗಿ ಕೆಳಹೊಟ್ಟೆಯ ಚರ್ಮದಿಂದ ಹೀರುತ್ತದೆ. ಆದಕಾರಣ ಹಾಸಿನಲ್ಲಿ ಕರಗಿದ್ದೆಲ್ಲ ಮೈಯೊಳಕ್ಕೆ ದಾರಿ ಕಂಡುಕೊಳ್ಳುತ್ತದೆ. ತೇವದ ಪ್ರಮಾಣವೆಷ್ಟೆಂದರೆ, ಹಿಡಿಯಲ್ಲಿ ಒತ್ತಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. 'ಉಪ್ಪು' ಎಂಬುದು ಇಲ್ಲಿ ಉಪಲಕ್ಷಣ, ಅಂದರೆ ಒಂದನ್ನು ಹೇಳಿ ಅಂಥವೆಲ್ಲವನ್ನೂ ಸೂಚಿಸುವ ಮಾತು. ಗೊಬ್ಬರ ಬೆರೆತ ಕುಂಡದ ಮಣ್ಣು, ಘಾಟೆಣ್ಣೆಯ ಪೈನ್, ಸೀಡರ್ ಮರದ ಹೊಟ್ಟು, ಕ್ಲೋರಿನ್ ಹೋಗದ ನಲ್ಲಿನೀರು, ಇವೂ ವರ್ಜ್ಯ. ಉಪ್ಪನ್ನೇ ಹೆಸರಿಸಿದ್ದು ತೆಂಗಿನ ನಾರಿನ ಪುಡಿಯ ದೆಸೆಯಿಂದ. ಉಪ್ಪುನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯದಾದರೆ ಪುಡಿಯಲ್ಲಿ ಉಪ್ಪಿನ ಅಂಶ ಉಳಿದಿರುತ್ತದೆ. ಅಂಗಡಿಯಿಂದ ತಂದ ನಾರಿನ ಪುಡಿಯ ಒಣ ಇಟ್ಟಿಗೆಯನ್ನು ನೆನೆಸಿ, ಎರಡು ಮೂರು ನೀರಲ್ಲಿ ತೊಳೆದು ಹಿಂಡಿಯೇ ಹರವಬೇಕು.

'ಮರೆ' ಎಂದರೆ ಅಡಗುವ ಜಾಗ. ಅರ್ಧ ಕುಂಡ, ತೆಂಗಿನ ಕರಟ, ಕಾರ್ಕ್ ತೊಗಟೆ ಯಾವುದಾದರೂ ಸರಿ, ಅಂಚು ಮಾತ್ರ ಉಜ್ಜಿ ನುಣುಪಾಗಿಸಿರಬೇಕು. ಕಲ್ಲಿನ ಮರೆಯಾದರೆ ಕಡೆಯ ಮಾತು ಮುಖ್ಯ. 'ನೆಲ ಮುಟ್ಟಿರಲಿ' ಎಂಬಲ್ಲಿ ನೆಲವೆಂದರೆ ಹಾಸಲ್ಲ, ಗಾಜಿನ ತಳ. ಮಣ್ಣಿನ ಮೇಲಿಟ್ಟ ಚಪ್ಪಡಿಯ ಕೆಳಗೆ ನೆಲಗಪ್ಪೆ ರಾತ್ರಿ ತೋಡಿತೆಂದರೆ, ಆಧಾರ ಕುಸಿದು ಚಪ್ಪಡಿ ಅದರ ಬೆನ್ನ ಮೇಲೆಯೇ ಕೂರುತ್ತದೆ. ಆದ್ದರಿಂದ ಕಲ್ಲನ್ನು ಮೊದಲು ತಳದ ಮೇಲೆ ಅಲುಗಾಡದಂತೆ ಕೂರಿಸಿ, ಮಣ್ಣನ್ನು ಆಮೇಲೆ ಸುರಿಯತಕ್ಕದ್ದು.