ಐದು ಅಕ್ಷರದ ಸಿರಿ

ನಲಿಕಲಿ ಎಂಬ ಕಲಿಕಾ ಪದ್ಧತಿಯ ದೊಡ್ಡ ಜಾಣ್ಮೆ ಇರುವುದು ಅಕ್ಷರಗಳ ಕ್ರಮದಲ್ಲಿ. ಆಂಧ್ರದ ರಿಷಿವ್ಯಾಲಿಯ ಶಾಲಾ ಪ್ರಯೋಗ ನೋಡಿಬಂದ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು 1995ರಲ್ಲಿ ಕಟ್ಟಿದ ಪದ್ಧತಿ ಇದು. ಇಲ್ಲಿ ವರ್ಣಮಾಲೆಯನ್ನು ಸಾಲಾಗಿ ಉರು ಹೊಡೆಸುವುದಿಲ್ಲ. ಮೊದಲು ಕಲಿಸುವುದು ರ, ಗ, ಸ, ದ, ಅ. ಕಾಗುಣಿತ ಬೇಡ, ಒತ್ತಕ್ಷರ ಬೇಡ. ಆದರೂ ಸರ, ದರ, ಅರಸ, ಅಗಸ, ಗರಗಸ ಎಲ್ಲವೂ ಮಗುವಿಗೆ ಓದಲು ಬರುತ್ತವೆ. ನಲವತ್ತೊಂಬತ್ತು ಅಕ್ಷರ ಮುಗಿಯುವ ತನಕ ಕಾಯಬೇಕಿಲ್ಲ. ಅರ್ಥವುಳ್ಳ ಓದಿನ ಖುಷಿ ಐದರಲ್ಲೇ ಸಿಗುತ್ತದೆ.

ನಲಿಕಲಿ ತರಗತಿಯ ಗೋಡೆಯ ಮೇಲೆ ಮಗುವಿನ ಎತ್ತರಕ್ಕೇ ಕಪ್ಪುಹಲಗೆ. ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿಯಲ್ಲಿ ಪ್ರತಿ ಮಗುವಿಗೂ ತನ್ನದೇ ಮೆಟ್ಟಿಲು. ಜ್ವರ ಬಂದು ಶಾಲೆ ತಪ್ಪಿಸಿದ ಮಗು ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ಎಳೆಯರ ಬುದ್ಧಿಯನ್ನು ಇಷ್ಟು ಗೌರವಿಸುವ ಪಾಠಕ್ರಮವನ್ನು ನಮ್ಮ ಹಳ್ಳಿಶಾಲೆಯ ಶಿಕ್ಷಕರೇ ರೂಪಿಸಿದರೆಂಬುದು ನನಗೆ ನಿಜವಾದ ಹೆಮ್ಮೆ.