ಬೆಂಗಳೂರಿನ ಗಾಳಿಗೆ ಆರ್‌ಎಕ್ಸ್ 100ರ ಹದ

ಕಾರ್ಬುರೇಟರ್ ಟ್ಯೂನಿಂಗ್ ಎಂದರೆ ಎಂಜಿನ್ ಎಳೆದುಕೊಳ್ಳುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುವಂತೆ ಹದ ಮಾಡುವ ಕೆಲಸ. ಈಗಿನ ಬಿಎಸ್ 6 ಬೈಕುಗಳಲ್ಲಿ ಈ ಲೆಕ್ಕವನ್ನು ಸೆನ್ಸರುಗಳೂ ಇಸಿಯು ಎಂಬ ಕಂಪ್ಯೂಟರೂ ನೋಡಿಕೊಳ್ಳುತ್ತವೆ. 1985ರಿಂದ 1996ರವರೆಗೆ ಭಾರತದಲ್ಲಿ ತಯಾರಾದ ಯಮಹಾ ಆರ್‌ಎಕ್ಸ್ 100ರಲ್ಲಿ ಅದೆಲ್ಲ ಇಲ್ಲ. 98 ಸಿಸಿಯ, 11 ಅಶ್ವಶಕ್ತಿಯ ಈ ಟೂ ಸ್ಟ್ರೋಕ್ ಎಂಜಿನ್ನಿನ ಹದ ನಿಂತಿರುವುದು ಪೆಟ್ರೋಲ್ ಹಾಯುವ ರಂಧ್ರವಿರುವ ಎರಡು ಹಿತ್ತಾಳೆ ಜೆಟ್, ಒಂದು ನೀಡಲ್, ಒಂದು ಏರ್ ಸ್ಕ್ರೂ ಮೇಲೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರಿಗೆ ಹೋಲಿಸಿದರೆ ಇಲ್ಲಿನ ಗಾಳಿ ಹೆಚ್ಚುಕಡಿಮೆ ಶೇ 10ರಷ್ಟು ತೆಳು. ಕರಾವಳಿಯಲ್ಲಿ ಸರಿಯಿದ್ದ ಜೆಟ್ ಇಲ್ಲಿ ಪೆಟ್ರೋಲ್ ಹೆಚ್ಚಾಗಿ ರಿಚ್ ಆಗುತ್ತದೆ. ಇಲ್ಲಿ ಹದ ಮಾಡಿದ್ದು ಅಲ್ಲಿ ಪೆಟ್ರೋಲ್ ಸಾಲದೆ ಲೀನ್ ಆಗುತ್ತದೆ. ಒಂದೇ ಊರಿನಲ್ಲೂ ಡಿಸೆಂಬರಿನ 15 ಡಿಗ್ರಿಯ ಬೆಳಗಿಗೂ ಏಪ್ರಿಲ್‌ನ 35 ಡಿಗ್ರಿಯ ಮಧ್ಯಾಹ್ನಕ್ಕೂ ಗಾಳಿಯ ಸಾಂದ್ರತೆ ಶೇ 6–7ರಷ್ಟು ಬದಲಾಗುತ್ತದೆ.

ಕಾರ್ಬುರೇಟರಿನ ಒಂದೊಂದು ಭಾಗಕ್ಕೂ ಅದರದೇ ಪಾಳಿ. ಐಡ್ಲಿಂಗ್‌ನಿಂದ ಆಕ್ಸಿಲರೇಟರ್ ಎಂಟನೇ ಒಂದು ಭಾಗ ತೆರೆಯುವವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ. ಅಲ್ಲಿಂದ ಕಾಲು ಭಾಗದವರೆಗೆ ಗಾಳಿಯ ದಾರಿ ತೆರೆಯುವ ಸ್ಲೈಡಿನ ಕೆಳ ಅಂಚಿನ ಕೊರೆತ. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್. ಅದರಾಚೆ ಮೇನ್ ಜೆಟ್. ಜಯನಗರ 4ನೇ ಬ್ಲಾಕಿನಿಂದ ಸಿಲ್ಕ್ ಬೋರ್ಡಿಗೆ ಸಂಜೆಯ ಟ್ರಾಫಿಕ್ಕಿನಲ್ಲಿ ಹೊರಟ ಗಾಡಿಯಲ್ಲಿ ಮೇನ್ ಜೆಟ್ಟಿಗೆ ಕೆಲಸವೇ ಬರುವುದಿಲ್ಲ. ಹಾಗಾಗಿ ಊರೊಳಗೆ ಓಡಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಕಾಣುವುದು ಮುಖ್ಯವಾಗಿ ಪೈಲಟ್ ಜೆಟ್ಟಿನ ಹದ. ಪ್ಲಗ್ಗಿನ ಈ ಬಣ್ಣ ನೋಡಿ ಮೇನ್ ಜೆಟ್ ಬದಲಿಸುವುದು ದೊಡ್ಡ ತಪ್ಪು.

ಜೆಟ್ ಮುಟ್ಟುವ ಮೊದಲು ಏರ್ ಫಿಲ್ಟರ್ ಸ್ವಚ್ಛ ಮಾಡಬೇಕು, ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಬಿರಿದಿದೆಯೇ ನೋಡಬೇಕು. ಆಕ್ಸಿಲರೇಟರ್ ಬಿಟ್ಟ ಮೇಲೂ ಎಂಜಿನ್ ವೇಗ ಬೇಗ ಇಳಿಯದಿದ್ದರೆ ಎಲ್ಲೋ ಗಾಳಿ ಸೋರುತ್ತಿರಬಹುದು. ಸೋರಿಕೆ ನಿಲ್ಲದೆ ಹದ ನಿಲ್ಲದು.

ಮೊದಲ ಸರದಿ ಮೇನ್ ಜೆಟ್ಟಿನದು. ಹದವೆನಿಸುವುದಕ್ಕಿಂತ ಒಂದು ನಂಬರ್ ದೊಡ್ಡ ಜೆಟ್ಟಿನಿಂದ ಶುರು ಮಾಡಿ ಕೆಳಗಿಳಿಯಬೇಕು. ಊರಾಚೆಯ ಖಾಲಿ ನೇರ ರಸ್ತೆಯಲ್ಲಿ, ಬಿಸಿಯಾದ ಎಂಜಿನ್ನಿಗೆ ಹೊಸ ಪ್ಲಗ್ ಹಾಕಿ, ಪೂರ್ತಿ ಆಕ್ಸಿಲರೇಟರಿನಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಒಮ್ಮೆಲೇ ಎಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಬೇಕು. ಪ್ಲಗ್ಗಿನ ಪಿಂಗಾಣಿ ಕಾಫಿಪುಡಿಯ ಕಂದು ಬಣ್ಣಕ್ಕೆ ತಿರುಗಿದ್ದರೆ ಹದ ಸರಿ. ಒದ್ದೆಯಾದ ಕಪ್ಪು ಮಸಿ ರಿಚ್‌ನ ಗುರುತು. ಸುಣ್ಣದಂತೆ ಬೆಳ್ಳಗಿದ್ದರೆ ಅದು ಲೀನ್, ಅಲ್ಲಿಗೇ ನಿಲ್ಲಿಸಬೇಕು.

ಲೀನ್ ಬಗ್ಗೆ ಇಷ್ಟು ಎಚ್ಚರ ಏಕೆಂದರೆ, ಆವಿಯಾಗುವ ಪೆಟ್ರೋಲ್ ಎಂಜಿನ್ನಿನ ಒಳಗನ್ನು ತಂಪಾಗಿಡುತ್ತದೆ. ಆಯಿಲ್ ಪಂಪ್ ತೆಗೆಸಿ ಟ್ಯಾಂಕಿಗೇ 2ಟಿ ಆಯಿಲ್ ಬೆರೆಸುವ ಗಾಡಿಗಳಲ್ಲಿ ಪಿಸ್ಟನ್ನಿಗೆ ಎಣ್ಣೆ ಹೊತ್ತು ತರುವುದೂ ಅದೇ. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಗಿ, ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿ ಸೀಜ್ ಆಗುತ್ತದೆ. ಮೈಲೇಜ್ ಆಸೆಗೆ ಜೆಟ್ ಸಣ್ಣದು ಮಾಡಿದವರು ಉಳಿಸಿದ್ದಕ್ಕಿಂತ ಬೋರಿಂಗಿಗೆ ಕೊಡುವುದೇ ಹೆಚ್ಚು. ಅನುಮಾನವಿದ್ದರೆ ರಿಚ್ ಕಡೆಗಿರುವುದೇ ಕ್ಷೇಮ.

ಮುಂದಿನದು ನೀಡಲ್. ಅದರ ಕ್ಲಿಪ್ ಒಂದು ಗೀರು ಕೆಳಗಿಳಿದರೆ ನೀಡಲ್ ಮೇಲೇರಿ ಪೆಟ್ರೋಲ್ ಹೆಚ್ಚು ಹರಿಯುತ್ತದೆ. ಅರ್ಧ ಆಕ್ಸಿಲರೇಟರಿನಲ್ಲಿ ಗಾಡಿ ಮಂಕಾಗಿ ತೊದಲಿದರೆ ಕ್ಲಿಪ್ ಒಂದು ಗೀರು ಮೇಲಕ್ಕೆ ಹೋಗಬೇಕು. ಕೊನೆಗೆ ಏರ್ ಸ್ಕ್ರೂ: ಮೆಲ್ಲಗೆ ಪೂರ್ತಿ ಮುಚ್ಚಿ, ಒಂದೂವರೆ ಸುತ್ತು ಬಿಚ್ಚಿ, ಐಡ್ಲಿಂಗ್ ಅತಿ ಹೆಚ್ಚು ಏರುವ ಜಾಗ ಹುಡುಕಿ, ಬಳಿಕ ಐಡ್ಲಿಂಗ್ ಸ್ಕ್ರೂನಿಂದ ವೇಗ ತಗ್ಗಿಸಬೇಕು.

ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಈ ಲೆಕ್ಕವನ್ನು ಬದಲಿಸಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇದಕ್ಕೆ ಚಾಲನೆ ಸಿಕ್ಕಿತು. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಎಥೆನಾಲ್‌ಗೆ 9 ಪಾಲು ಸಾಕು. ಎರಡೂ ಬೆರೆತ ಇಂಧನಕ್ಕೆ ಗಾಳಿ ಕಡಿಮೆ ಸಾಕಾದ್ದರಿಂದ, ಹಳೆಯ ಜೆಟ್ಟಿನಲ್ಲೇ ಹಳೆಯ ಎಂಜಿನ್ ಲೀನ್ ಕಡೆಗೆ ವಾಲುತ್ತದೆ. ಹಿಂದೆ ಹದವಾಗಿದ್ದ ಗಾಡಿಯ ಪ್ಲಗ್ಗನ್ನೂ ಮತ್ತೆ ನೋಡಬೇಕು.

ದೂರದ ಪ್ರಯಾಣಕ್ಕೂ ಇದೇ ನಿಯಮ. ಘಟ್ಟ ಇಳಿದು ಕರಾವಳಿಗೆ ಹೋಗುವವರ ಕಿಟ್ಟಿನಲ್ಲಿ ಒಂದು ನಂಬರ್ ದೊಡ್ಡ ಮೇನ್ ಜೆಟ್ ಇರಬೇಕು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಕಡೆ ಏರಿದರೆ ಅದೇ ಗಾಡಿ ರಿಚ್ ಆಗಿ ಪಿಕಪ್ ಕಳೆದುಕೊಳ್ಳುತ್ತದೆ. ಜೆಟ್ ನಂಬರ್, ಕ್ಲಿಪ್ಪಿನ ಗೀರು, ಸ್ಕ್ರೂ ಸುತ್ತು, ಅಂದಿನ ಹವೆ, ಪ್ಲಗ್ಗಿನ ಬಣ್ಣ ಇವಿಷ್ಟನ್ನು ತಾರೀಕು ಹಾಕಿ ಬರೆದಿಟ್ಟರೆ ಮುಂದಿನ ಚಳಿಗಾಲದಲ್ಲಿ ಹದವನ್ನು ಮೊದಲಿನಿಂದ ಹುಡುಕಬೇಕಾಗಿಲ್ಲ.